ಬೆನ್ನಿನ ಹೊಲಿಗೆ

ಉಪ್ಪಿನ ಬಯಲಿನ ಅಂಚಿಗೆ ಒಂದು ಊರು. ಆ ಊರಿನಲ್ಲಿ ಯಾರ ಮೇಲಾದರೂ ಆಪಾದನೆ ಬಂದರೆ ಮೊದಲು ಅವನ ಮೈಮೇಲಿನ ಅಂಗಿ ಬಿಚ್ಚಿಸುತ್ತಾರೆ. ಆಮೇಲೆ ಈ ಅಂಗಿ ತೊಡುವವರು ಯಾರಾದರೂ ಇದ್ದೀರಾ ಎಂದು ಬೀದಿ ಬೀದಿಯಲ್ಲಿ ಕೂಗುತ್ತಾರೆ. ತೊಡುವವನೊಬ್ಬ ಸಿಕ್ಕರೆ ವಿಚಾರಣೆ, ಅಂಗಿ ತೊಟ್ಟವನೇ ಅವನ ಪರವಾಗಿ ಮಾತಾಡುತ್ತಾನೆ. ಸಿಗದಿದ್ದರೆ ವಿಚಾರಣೆಯೂ ಇಲ್ಲ, ಮಾತೂ ಇಲ್ಲ. ಬರಿಮೈಯವನನ್ನು ಸಂಜೆಯೊಳಗೆ ಉಪ್ಪಿನ ಬಯಲಿಗೆ ಅಟ್ಟಿಬಿಡುತ್ತಾರೆ. ಆ ಬಯಲು ಬೆಳ್ಳಗೆ, ಚಪ್ಪಟೆಯಾಗಿ, ಕಣ್ಣು ಹಾಯುವಷ್ಟು ದೂರ ಬಿದ್ದುಕೊಂಡಿದೆ. ಅಲ್ಲಿಗೆ ಹೋದವರು ಹಿಂದಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ.

ಕೇಳುವವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಆ ಊರಿನವರನ್ನು ಮಾತಾಡಿಸಿದರೆ ಇದಕ್ಕಿಂತ ನ್ಯಾಯವಾದ ಕಟ್ಟಳೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲವೆಂದು ಎದೆ ತಟ್ಟಿಕೊಂಡು ಹೇಳುತ್ತಾರೆ. ನಮ್ಮಲ್ಲಿ ಯಾರನ್ನೂ ಸುಮ್ಮಸುಮ್ಮನೆ ಬಯಲಿಗೆ ಕಳಿಸುವುದಿಲ್ಲ, ಎಂಥ ಪಾಪಿಯ ಅಂಗಿಯನ್ನೂ ತೊಡಲು ನಮ್ಮಲ್ಲಿ ಒಬ್ಬ ಇದ್ದಾನೆ, ಎನ್ನುತ್ತಾರೆ. ಆ ಒಬ್ಬನ ಪಕ್ಕದಲ್ಲಿ ಊಟಕ್ಕೆ ಕೂರುವಿರಾ ಎಂದು ಕೇಳಿದರೆ ಮಾತ್ರ ಅವರಿಗೆ ಬೇರೆ ಕೆಲಸ ನೆನಪಾಗುತ್ತದೆ. ಕೆಟ್ಟವರೇನಲ್ಲ, ನಮ್ಮ ನಿಮ್ಮ ಹಾಗೆಯೇ.

ಆ ಒಬ್ಬನನ್ನು ಅಂಗಿಯವನು ಎಂದು ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು; ಅದು ಈಗ ಯಾರಿಗೂ ಬೇಕಾಗಿರಲಿಲ್ಲ. ಕೂಗು ಬಂದಾಗಲೆಲ್ಲ ಅವನು ಬಾಗಿಲು ತೆರೆದು ಹೊರಗೆ ಬರುತ್ತಿದ್ದ, ಕೈ ಮುಂದಕ್ಕೆ ಚಾಚುತ್ತಿದ್ದ, ಅಂಗಿ ಯಾರದೆಂದು ಕೇಳದೆ ತೊಟ್ಟುಕೊಳ್ಳುತ್ತಿದ್ದ. ಕೆಲವು ಬಿಗಿ, ಕೆಲವು ದೊಗಳೆ. ಕೆಲವಕ್ಕೆ ಬೆವರಿನ ವಾಸನೆ, ಕೆಲವಕ್ಕೆ ಅತ್ತರಿನದು, ಕೆಲವಕ್ಕೆ ಏನೆಂದು ಹೇಳದಿರುವುದೇ ವಾಸಿ ಅನ್ನುವಂಥದ್ದು. ತೀರ್ಪು ಬರುವವರೆಗೆ ಅದನ್ನು ಹಗಲೂ ರಾತ್ರಿ ಬಿಚ್ಚುವ ಹಾಗಿರಲಿಲ್ಲ. ಒಂದರ ತೀರ್ಪು ಬರುವಷ್ಟರಲ್ಲಿ ಇನ್ನೊಂದರ ಕೂಗು ಕೇಳಿಸುತ್ತಿತ್ತು. ತನ್ನದೇ ಅಂಗಿ ಯಾವ ಬಣ್ಣದ್ದು ಎಂಬುದು ಅವನಿಗೆ ಮರೆತೇಹೋಗಿತ್ತು.

ಈ ಕಸುಬನ್ನು ಕಲಿಸಿದ ಗುರು ಮುದುಕ, ಬಾಯಲ್ಲಿ ಹಲ್ಲಿಲ್ಲ, ಆದರೂ ಕಚ್ಚುವ ಹಾಗೆ ಮಾತಾಡುತ್ತಿದ್ದ. ಅಂಗಿಗೆ ನೀರು ತಾಗಬಾರದು, ಅಂಗಿಗೆ ಸೂಜಿ ತಾಗಬಾರದು, ಎಂದು ಅವನು ದಿನವೂ ಹೇಳಿಸುತ್ತಿದ್ದ. ಆಪಾದನೆ ಹೊತ್ತವನು ತೀರ್ಪಾಗುವವರೆಗೆ ನ್ಯಾಯದ ಕಟ್ಟೆಯ ಮೇಲೆ ತಾನಾಗಿ ಮಾತಾಡುವ ಹಾಗಿಲ್ಲ; ಹಾಗೆ ಬಾಯಿ ಕಟ್ಟಿಸಿಕೊಂಡವನಿಗೆ ಅಂಗಿಯೊಂದೇ ಸಾಕ್ಷಿ. ಅದನ್ನು ಒಗೆದರೆ ಅಥವಾ ಹೊಲಿದರೆ ಸಾಕ್ಷಿಯ ನಾಲಿಗೆ ಕತ್ತರಿಸಿದ ಹಾಗೆ. ಹಾಗೆ ಮಾಡಿದ್ದು ತಿಳಿದರೆ ಕಟ್ಟೆಯ ಯಜಮಾನ ಹೊಲಿಗೆ ಬಿಚ್ಚಿಸಿ ನೋಡುತ್ತಾನೆ. ಆಪಾದನೆ ಹೊತ್ತವನು ಉಳಿಯಬಹುದು, ಅಳಿಯಬಹುದು. ಆದರೆ ಸೂಜಿ ಹಿಡಿದ ಕೈಯವರು ಮಾತ್ರ ಯಾರೇ ಆಗಲಿ ಉಪ್ಪಿನ ಬಯಲಿಗೆ ನಡೆಯಲೇಬೇಕು.

ಇನ್ನೊಂದು ಮಾತನ್ನೂ ಗುರು ಹೇಳುತ್ತಿದ್ದ. ಮಾಡಿದೆಯಾ ಎಂದು ಎಂದೂ ಕೇಳಬೇಡ. ಮಾಡಿದ್ದಾನೆ ಎಂದು ಗೊತ್ತಾದರೆ ನಿನ್ನ ನಾಲಿಗೆ ತೊದಲುತ್ತದೆ. ಮಾಡಿಲ್ಲ ಎಂದು ಗೊತ್ತಾದರೆ ನಿನ್ನ ನಾಲಿಗೆ ನಡುಗುತ್ತದೆ. ಏನೂ ಗೊತ್ತಿಲ್ಲದವನ ನಾಲಿಗೆಯೇ ನೆಟ್ಟಗೆ ನಿಲ್ಲುವುದು.

ಅಂಗಿಯವನು ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಈ ಕಟ್ಟಳೆ ಹೇಳಿದ್ದ. ನೀರು ತಾಗಿಸಬೇಡ, ಎಂದ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ನೀರಿರಲಿ, ನಾನು ಬೆರಳೂ ತಾಗಿಸುವುದಿಲ್ಲ, ಎಂದಳು. ಅದಕ್ಕೆ ಅವನು ನಕ್ಕ. ಸೂಜಿಯ ಮಾತು ಅಲ್ಲಿಗೇ ನಿಂತುಹೋಯಿತು. ಬೆರಳೇ ತಾಗಿಸದವಳಿಗೆ ಸೂಜಿಯ ವಿಷಯ ಯಾಕೆ ಎಂದು ಅವನಿಗೆ ಅನ್ನಿಸಿರಬೇಕು.

ಆಕೆ ಮಾತಿಗೆ ತಪ್ಪಲಿಲ್ಲ. ಅಂಗಿಗೆ ಬೆರಳು ತಾಗಿಸಲಿಲ್ಲ. ಅವನ ಮೈಮೇಲೆ ಸದಾ ಯಾರದೋ ಅಂಗಿ ಇರುತ್ತಿದ್ದುದರಿಂದ ಅವನಿಗೂ ಬೆರಳು ತಾಗಿಸಿದ ಹಾಗಾಗಲಿಲ್ಲ. ಬಡಿಸುವಾಗ ತಟ್ಟೆಯನ್ನು ನೆಲದ ಮೇಲೆ ಮುಂದಕ್ಕೆ ತಳ್ಳುತ್ತಿದ್ದಳು. ಜಗಳವೇನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಅವನು ಬರುವ ದಾರಿ ನೋಡುತ್ತಿದ್ದಳು, ಬಂದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದಳು. ಹೀಗೆ ವರ್ಷಗಳು ಕಳೆದಿದ್ದವು.

*

ಊರಿಗೆ ಬೇಕಾಗಿದ್ದದ್ದು ನೀರು. ಉಪ್ಪಿನ ನೆಲದಲ್ಲಿ ಎಲ್ಲಿ ತೋಡಿದರೂ ಕಣ್ಣೀರಿನಷ್ಟು ಉಪ್ಪು ನೀರೇ. ಬಾವಿ ತೋಡುವವನೊಬ್ಬ ಎಲ್ಲಿಂದಲೋ ಬಂದು, ಮೂಡಣ ಬೀದಿಯ ಕೊನೆಯಲ್ಲಿ ಕಿವಿಯನ್ನು ನೆಲಕ್ಕೆ ಹಚ್ಚಿ ಮಲಗಿ ಎದ್ದು, ಇಲ್ಲಿ ಸಿಹಿನೀರು ಇದೆ ಎಂದ. ತೋಡತೊಡಗಿದ. ಬಾವಿ ಆಳವಾಯಿತು, ನೀರು ಬರಲಿಲ್ಲ. ಇನ್ನೂ ಆಳವಾಯಿತು, ತಳದಲ್ಲಿ ಕೆಸರು ಕಂಡಿತು, ನೀರು ಬರಲಿಲ್ಲ. ಊರಿನವರು ಅವನನ್ನು ಕಂಡಲ್ಲೆಲ್ಲ ಬಾಯಾರಿಕೆಯಾಗಿದೆ ಕಣಯ್ಯಾ ಎಂದು ಛೇಡಿಸತೊಡಗಿದರು.

ಒಂದು ಮಧ್ಯಾಹ್ನ ಎಣ್ಣೆ ಅಂಗಡಿಯವನ ಪುಟ್ಟ ಮಗಳು ಆ ಬಾವಿಯ ತಳದಲ್ಲಿ ಸತ್ತು ಬಿದ್ದಿದ್ದಳು. ಬಾವಿ ತೋಡುವವನು ಬಾವಿಯ ಬಾಯಲ್ಲಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಿಂತಿದ್ದ. ಕೂಗಿರಲಿಲ್ಲ, ಓಡಿರಲಿಲ್ಲ, ಸುಮ್ಮನೆ ನಿಂತಿದ್ದ. ಕೇಳಿದವರಿಗೆಲ್ಲ ಬಾಯಿ ತೆರೆದು ಮುಚ್ಚಿದನೇ ಹೊರತು ಸ್ವರ ಹೊರಡಲಿಲ್ಲ. ಮಾರನೆಯ ಬೆಳಗ್ಗೆ ಬಾವಿಯಲ್ಲಿ ನೀರು ಎದ್ದಿತ್ತು. ಸಿಹಿನೀರು.

ಇನ್ನೇನು ಬೇಕು? ನೀರು ಬರಲೆಂದು ಮಗುವನ್ನು ಬಲಿ ಕೊಟ್ಟಿದ್ದಾನೆ ಎಂದು ಒಬ್ಬ ಅಂದ. ಸಂಜೆಯಾಗುವಷ್ಟರಲ್ಲಿ ಊರಿಗೆ ಊರೇ ಅದನ್ನು ಕಣ್ಣಾರೆ ಕಂಡಿತ್ತು. ಕಂಡವರೆಲ್ಲ ತಳ್ಳಿದ ಕೈಯನ್ನು ಶಪಿಸುತ್ತ ಬಿಂದಿಗೆ ತಂದು ಆ ನೀರನ್ನು ಸೇದಿಕೊಂಡು ಹೋದರು. ನೀರು ಬಹಳ ಚೆನ್ನಾಗಿತ್ತು.

ಅಂಗಿ ಬಿಚ್ಚಿಸಿದರು. ನೀಲಿ ಅಂಗಿ, ಮಣ್ಣು ಹಿಡಿದು ಬೂದಿಯಾದದ್ದು. ಕೂಗು ಬೀದಿ ಬೀದಿ ಸುತ್ತಿ ಬಂತು. ಅಂಗಿಯವನು ಬಾಗಿಲು ತೆರೆದಾಗ ಎದುರಿಗೆ ಊರಿನವರು ಕಿಕ್ಕಿರಿದು ನಿಂತಿದ್ದರು. ಮುಂದೆ ಎಣ್ಣೆ ಅಂಗಡಿಯವನಿದ್ದ. ಇಷ್ಟು ವರ್ಷ ಇವನಿಗೆ ಎಣ್ಣೆ ಅಳೆದು ಕೊಟ್ಟವನು.

"ಇದನ್ನ ತೊಡಬೇಡ," ಎಂದ ಎಣ್ಣೆ ಅಂಗಡಿಯವನು. "ನಿನ್ ಮಗಳಾಗಿದ್ರೆ ತೊಡ್ತಿದ್ಯಾ? ಅಷ್ಟು ಹೇಳು ಸಾಕು."

ಈ ಪ್ರಶ್ನೆ ಅವನಿಗೆ ಹೊಸದಲ್ಲ. ಪ್ರತಿ ಅಂಗಿಯ ಜೊತೆಗೂ ಈ ಪ್ರಶ್ನೆ ಗುಂಡಿಯ ಹಾಗೆ ಅಂಟಿಕೊಂಡೇ ಬರುತ್ತಿತ್ತು. ನಾನು ತೊಡದಿದ್ದರೆ ಇವನು ಬರಿಮೈಯಲ್ಲಿ ಹೋಗುತ್ತಾನೆ, ಯಾಕೆ ಹೋದ ಎಂದು ನಿಮಗೂ ಗೊತ್ತಾಗುವುದಿಲ್ಲ, ಎಂದು ಅವನು ಉತ್ತರ ಕೊಡುತ್ತಿದ್ದ. ಅದು ಸರಿಯಾದ ಉತ್ತರವೇ. ಆದರೆ ಮಗಳನ್ನು ಕಳೆದುಕೊಂಡವನ ಮುಖ ನೋಡಿ ಆ ದಿನ ಅದು ಬಾಯಿಂದ ಹೊರಡಲಿಲ್ಲ. ತಲೆ ತಗ್ಗಿಸಿ ಕೈ ಚಾಚಿದ, ಅಂಗಿ ತೊಟ್ಟುಕೊಂಡ. ಗುಂಪಿನಲ್ಲಿ ಯಾರೋ ಉಗಿದರು. ಅಂದಿನಿಂದ ಅವನಿಗೆ ಅಂಗಡಿಗಳಲ್ಲಿ ಉಪ್ಪು ಕೂಡ ಸಿಗಲಿಲ್ಲ. ಉಪ್ಪಿನ ಬಯಲಿನ ಅಂಚಿನ ಊರಿನಲ್ಲಿ ಉಪ್ಪು ಸಿಗಲಿಲ್ಲ ಎಂದರೆ ನೀವೇ ಲೆಕ್ಕ ಹಾಕಿಕೊಳ್ಳಿ.

ಬಾವಿ ತೋಡುವವನನ್ನು ಕಟ್ಟೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಅಂಗಿಯವನು ಹೋಗಿ ಎದುರು ಕುಳಿತ. ಎಲ್ಲಿ ಹುಟ್ಟಿದೆ, ಅಂಗಿ ಯಾರು ಹೊಲಿದರು, ಯಾವಾಗಿನಿಂದ ತೊಡುತ್ತಿದ್ದೀಯ, ಎಂದು ಪದ್ಧತಿಯ ಪ್ರಕಾರ ಕೇಳಿದ. ಆ ಮನುಷ್ಯ ಕೇಳಿದ್ದಕ್ಕೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ಬದುಕೆಲ್ಲ ನೆಲದಡಿಯಲ್ಲಿ ಒಬ್ಬನೇ ಕೆಲಸ ಮಾಡಿದವನಿಗೆ ಮಾತು ಅಷ್ಟಾಗಿ ಬೇಕಾಗಿರಲಿಲ್ಲ. ಆಮೇಲೆ ತಾನಾಗಿಯೇ, ಆ ಮಗು, ಎಂದು ಶುರು ಮಾಡಿದ. ಅಂಗಿಯವನು ಕೈಯೆತ್ತಿ ತಡೆದ. ಅದು ಬೇಡ, ಅದು ನನ್ನ ಕಿವಿಗೆ ಬೀಳಬಾರದು, ಎಂದ.

"ಅಂಗಿ ನೋಡಿದ್ರಾ ಸ್ವಾಮಿ?" ಎಂದು ಆ ಮನುಷ್ಯ ಕೇಳಿದ.

"ಮೈಮೇಲೇ ಇದೆಯಲ್ಲಪ್ಪ," ಎಂದ ಅಂಗಿಯವನು.

ಮೈಮೇಲೆ ಇದ್ದದ್ದನ್ನು ಅವನು ನೋಡಿರಲಿಲ್ಲ. ಇಷ್ಟು ಅಂಗಿ ತೊಟ್ಟವನು ಒಂದರ ಬೆನ್ನನ್ನೂ ನೋಡಿದವನಲ್ಲ. ಮುಂದೆ ಕಲೆ ಇದೆಯೇ, ತೋಳಿನಲ್ಲಿ ರಕ್ತ ಇದೆಯೇ, ಜೇಬಿನಲ್ಲಿ ಏನಿದೆ, ಅಷ್ಟನ್ನು ನೋಡಿ ಮಾತು ಕಟ್ಟುತ್ತಿದ್ದ. ಬಾವಿ ತೋಡುವವನು ಮಾತ್ರ ಅವನ ಉತ್ತರ ಕೇಳಿ ನೆಮ್ಮದಿಯಿಂದ ಗೋಡೆಗೊರಗಿದ. ತನ್ನ ಕೆಲಸ ಮುಗಿಯಿತು ಎನ್ನುವಂತೆ ಕಣ್ಣು ಮುಚ್ಚಿದ.

ಆ ಅಂಗಿಯ ಬೆನ್ನಿನಲ್ಲಿ, ಕುತ್ತಿಗೆಯಿಂದ ಕೆಳಕ್ಕೆ, ಒಂದು ಹರಕಿತ್ತು.

*

ವಿಚಾರಣೆಯ ಹಿಂದಿನ ದಿನ ಅಂಗಿಯವನು ಬೆಳಗ್ಗೆಯಿಂದ ಮನೆಯ ಹಿಂಬದಿಯ ಪಡಸಾಲೆಯಲ್ಲಿ ಬೋರಲು ಮಲಗಿದ್ದ. ಬೀದಿಯಲ್ಲಿ ಎದುರಾದವರೆಲ್ಲ ಮುಖ ತಿರುಗಿಸಿದ್ದರು. ಬೆರಳಿನವನು ಕೂಡ ಬಂದು ಹೋಗಿದ್ದ. ಬೆರಳಿನವನೆಂದರೆ ಕಟ್ಟೆಯ ಮೇಲೆ ಆಪಾದನೆ ಹೊತ್ತವನ ಕಡೆ ಬೆರಳು ತೋರಿಸಿ ಊರಿನ ಪರವಾಗಿ ಮಾತಾಡುವವನು. ಇಬ್ಬರೂ ಒಬ್ಬನೇ ಗುರುವಿನ ಬಳಿ ಕಲಿತವರು. ಅವನದು ಯಾವಾಗಲೂ ಸ್ವಂತ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಈ ಸಲ ಅಷ್ಟು ಜೋರಾಗಿ ಮಾತಾಡಬೇಡ ಮಾರಾಯ, ಜನರ ಹೊಟ್ಟೆ ಉರಿದಿದೆ, ಎಂದು ಸ್ನೇಹದಿಂದಲೇ ಹೇಳಿ ಹೋಗಿದ್ದ.

ಅಂಗಿಯವನಿಗೆ ಕುದುರೆ ವ್ಯಾಪಾರಿಯ ನೆನಪು ಬರುತ್ತಿತ್ತು. ಪಾಲುದಾರನ ಲಾಯಕ್ಕೆ ಬೆಂಕಿ ಇಟ್ಟ ಆಪಾದನೆ ಅವನ ಮೇಲಿತ್ತು; ಲಾಯದೊಳಗೆ ಪಾಲುದಾರನ ತಮ್ಮ ಮಲಗಿದ್ದ. ನೀವು ಕಂಡದ್ದು ಲಾಯದ ಬಾಗಿಲಲ್ಲಿ ನಿಂತವನನ್ನು, ಬೆಂಕಿ ಇಟ್ಟ ಕೈಯನ್ನಲ್ಲ, ಎಂದು ಅಂಗಿಯವನು ಅಂದು ಕಟ್ಟೆಯ ಮೇಲೆ ಹೇಳಿದ ಮಾತಿಗೆ ಯಜಮಾನ ತಲೆದೂಗಿದ್ದ. ಕುದುರೆ ವ್ಯಾಪಾರಿ ಅಂಗಿ ವಾಪಸು ಪಡೆದು ತೊಟ್ಟುಕೊಳ್ಳುತ್ತ ಇವನ ಕಿವಿಯಲ್ಲಿ, ನನಗೇ ನಂಬಿಕೆ ಬಂದುಬಿಟ್ಟಿತು ಕಣಯ್ಯಾ, ಎಂದು ನಕ್ಕಿದ್ದ. ಆ ನಗು ಇವನ ಕಿವಿಯಿಂದ ಇಳಿದಿರಲಿಲ್ಲ. ಕಟ್ಟಳೆಯ ಪ್ರಕಾರ ಕೆಲಸ ಮಾಡಿದ್ದೇನೆ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ ಇಳಿಯಲಿಲ್ಲ.

ಹೆಂಡತಿ ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಹಿಂಬಾಗಿಲಿಗೆ ಬಂದಳು. ಬೆಳಕು ಅವನ ಬೆನ್ನಿನ ಮೇಲೆ ಬಿದ್ದಿತ್ತು. ನೀಲಿ ಬಟ್ಟೆಯ ಹರಕಿನೊಳಗಿಂದ ಅವನ ಬೆನ್ನು ಕಾಣಿಸಿತು. ಎಷ್ಟೋ ವರ್ಷದ ಮೇಲೆ ಅವಳು ಅವನ ಮೈ ನೋಡಿದ್ದು ಅದೇ. ಬೆನ್ನುಮೂಳೆ ಎಣಿಸುವಂತೆ ಎದ್ದಿತ್ತು. ಇಷ್ಟು ಬಡವಾಗಿದ್ದಾನೆಯೇ ಎಂದು ಅವಳಿಗೆ ಕಣ್ಣು ತುಂಬಿ ಬಂತು. ನಾಳೆ ಊರಿನವರೆಲ್ಲರ ಎದುರು, ಇವನನ್ನು ಕಂಡರಾಗದವರ ಎದುರು, ಇಂಥ ಹರಕು ಬೆನ್ನು ತೋರಿಸಿಕೊಂಡು ನಿಲ್ಲುತ್ತಾನಲ್ಲ ಎಂದುಕೊಂಡಳು. ಮೊರ ಇಳಿಸಿದಳು. ಒಳಗೆ ಹೋಗಿ ತನ್ನ ರವಿಕೆಗೆಂದು ಇಟ್ಟಿದ್ದ ನೀಲಿ ದಾರವನ್ನು ಸೂಜಿಗೆ ಪೋಣಿಸಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತಳು.

ಅವನಿಗೆ ಪೂರಾ ನಿದ್ದೆ ಬಂದಿರಲಿಲ್ಲ. ಕುತ್ತಿಗೆಯ ಕೆಳಗೆ ಒಂದು ಕೈ ಊರಿದ್ದು ತಿಳಿಯಿತು. ಬೆಚ್ಚನೆಯ ಕೈ. ಯಾರದೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆನ್ನಿನ ಮೇಲೆ ಏನೋ ಜಗ್ಗಿತು, ಸಡಿಲವಾಯಿತು, ಮತ್ತೆ ಜಗ್ಗಿತು. ದಾರ ಹಾದುಹೋಗುವ ಸಣ್ಣ ಸದ್ದು ಕಿವಿಗೆ ಬಿತ್ತು. ಅವನು ಏಳಬಹುದಿತ್ತು. ಏನದು ಎಂದು ಕೇಳಬಹುದಿತ್ತು. ಕೇಳಿದರೆ ಆ ಕೈ ಎದ್ದುಹೋಗುತ್ತದೆ ಎಂಬ ಒಂದೇ ಭಯ ಅವನಿಗೆ. ಇನ್ನೊಂದು ಹೊಲಿಗೆ ಹಾಕಲಿ, ಇನ್ನೊಂದೇ ಒಂದು, ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿದ್ದ. ಕೊನೆಗೆ ಅವಳು ಬಗ್ಗಿ ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದಳು. ಅವಳ ಉಸಿರು ಅವನ ಕುತ್ತಿಗೆಗೆ ತಾಗಿತು. ಅಷ್ಟು ಸುಖವಾದ ಬೆಳಗು ಅವನ ಬದುಕಿನಲ್ಲಿ ಬೇರೊಂದಿರಲಿಲ್ಲ.

*

ಕಟ್ಟೆಯ ಸುತ್ತ ಊರೆಲ್ಲ ಸೇರಿತ್ತು. ಯಜಮಾನ ಕಲ್ಲಿನ ಮೇಲೆ ಕುಳಿತು ಎಂದಿನ ಹಾಗೆ ಎಂದಿನ ಪ್ರಶ್ನೆ ಕೇಳಿದ.

"ಅಂಗಿ ಯಾರದು?"

"ಇವನದು," ಎಂದ ಅಂಗಿಯವನು.

"ಮೈ ಯಾರದು?"

"ನನ್ನದು."

"ಮಾತು ಯಾರದು?"

"ಇಬ್ಬರದೂ."

ಬೆರಳಿನವನು ಎದ್ದು ಬೆರಳು ತೋರಿಸಿದ. ಅವನು ಹೆಚ್ಚು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಾವಿಯಲ್ಲಿ ನೀರಿರಲಿಲ್ಲ, ಮಗು ಸತ್ತಿತು, ನೀರು ಬಂತು, ಎಂದು ಹೇಳಿ ಆ ಬಾವಿಯದೇ ಒಂದು ಲೋಟ ನೀರನ್ನು ಯಜಮಾನನ ಮುಂದಿಟ್ಟು ಕುಳಿತುಕೊಂಡ.

ಅಂಗಿಯವನು ಎದ್ದ. ಆ ದಿನ ಅವನು ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ನೀರು ತನ್ನ ದಾರಿಯಲ್ಲಿ ತಾನು ಬರುತ್ತದೆ ಎಂದ. ದಿಗಿಲು ಬಿದ್ದವನಿಗೆ ಕೂಗಲಾಗುವುದಿಲ್ಲ ಎಂದ. ಬೆನ್ನಿನ ಮೇಲೆ ಇನ್ನೂ ಆ ಕೈಯ ಬಿಸಿ ಇದ್ದ ಹಾಗಿತ್ತು, ಅದರ ಧೈರ್ಯದಲ್ಲಿ ಅವನ ಸ್ವರ ಏರಿತು. "ನೀವು ಕಂಡದ್ದು ಬಾವಿಯ ಬಾಯಲ್ಲಿ ನಿಂತವನನ್ನು," ಎಂದ. "ತಳ್ಳಿದ ಕೈಯನ್ನಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಈ ಮಾತನ್ನು ಅವರು ಕೇಳಿದ್ದರು. ಲಾಯದ ಬಾಗಿಲಲ್ಲಿ ನಿಂತವನ ಪರವಾಗಿ ಹೇಳಿದ್ದು ಇದೇ ಮಾತು. ಹಿಂದಿನ ಸಾಲಿನಲ್ಲಿ ಎಲೆಯಡಿಕೆ ಜಗಿಯುತ್ತ ನಿಂತಿದ್ದ ಕುದುರೆ ವ್ಯಾಪಾರಿಯ ಕಡೆ ಎಲ್ಲರೂ ತಿರುಗಿ ನೋಡಿದರು, ಅವನು ಆಕಾಶ ನೋಡಿದ. ಅಂಗಿಯವನ ಬಳಿ ಇದ್ದ ಮಾತುಗಳೆಲ್ಲ ಹೀಗೇ, ಒಬ್ಬೊಬ್ಬ ಪಾಪಿಗೆ ಒಂದೊಂದು ಸಲ ಕೊಟ್ಟು ತಂದವು. ಇವನೊಬ್ಬನಿಗೇ ಎಂದು ಎತ್ತಿಟ್ಟ ಮಾತು ಒಂದೂ ಉಳಿದಿರಲಿಲ್ಲ. ಅವನು ಅಲ್ಲಿಗೇ ಮಾತು ಮುಗಿಸಿದ.

ಕಟ್ಟಳೆಯಲ್ಲಿ ಕೊನೆಯದೊಂದು ಬಾಕಿಯಿತ್ತು. ಬಾಯಿ ಕಟ್ಟಿಸಿಕೊಂಡವನು ತೀರ್ಪಿಗೆ ಮುಂಚೆ ತನ್ನ ಅಂಗಿಯ ಮೇಲೆ ಎಲ್ಲಾದರೂ ಒಂದು ಕಡೆ ಕೈಯಿಡಬಹುದು. ಯಜಮಾನ, ಅಲ್ಲೇನಿದೆ, ಎಂದು ಕೇಳುತ್ತಾನೆ. ಅವನು ಉತ್ತರ ಹೇಳಬಹುದು. ಸಾಮಾನ್ಯವಾಗಿ ಎಲ್ಲರೂ ಎದೆಯ ಮೇಲೆ ಕೈಯಿಟ್ಟು ಶುದ್ಧವಾದ ಎದೆ ಎನ್ನುತ್ತಿದ್ದರು. ಕುದುರೆ ವ್ಯಾಪಾರಿಯೂ ಅದನ್ನೇ ಹೇಳಿದ್ದ.

ಬಾವಿ ತೋಡುವವನು ಎದ್ದು ಬಂದ. ಅಂಗಿಯವನ ಮುಂದೆ ಬರಲಿಲ್ಲ, ಹಿಂದೆ ಹೋಗಿ ನಿಂತ. ಅವನ ಮುಖದಲ್ಲಿ ಒಂದು ತಿಳಿಯಾದ ಭರವಸೆಯಿತ್ತು ಎಂದು ಮುಂದಿನ ಸಾಲಿನವರು ಆಮೇಲೆ ಹೇಳಿದರು. ಮಣ್ಣು ತೋಡಿ ದಡ್ಡುಗಟ್ಟಿದ ಕೈ ಅಂಗಿಯವನ ಕುತ್ತಿಗೆಯ ಕೆಳಗೆ ಬಂದು ಬಿತ್ತು. ಹರಕಿಗಾಗಿ ತಡಕಾಡಿತು. ಹರಕು ಸಿಗಲಿಲ್ಲ. ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಹೊಲಿಗೆಯ ಮೇಲೆ ಒಂದೊಂದೇ ಗಂಟನ್ನು ಮುಟ್ಟುತ್ತ ನಿಧಾನವಾಗಿ ಇಳಿಯಿತು, ನಿಂತಿತು. ಆಮೇಲೆ ಆ ದೊಡ್ಡ ಕೈ ಮುಷ್ಟಿ ಕಟ್ಟಿ ಬಟ್ಟೆಯನ್ನು ಹಿಡಿಯಿತು, ಉಪ್ಪುಮೂಟೆ ಕೂತ ಮಗು ಬೀಳದ ಹಾಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ.

ಅಂಗಿಯವನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ತಳ್ಳುವವನ ಅಂಗಿ ಹರಿದರೆ ಮುಂದೆ ಹರಿಯುತ್ತದೆ. ಹಿಂದೆ, ಕುತ್ತಿಗೆಯಿಂದ ಕೆಳಕ್ಕೆ ಹರಿಯಬೇಕಾದರೆ ಬೆನ್ನಿನ ಮೇಲೆ ಮಗುವಿರಬೇಕು. ಇವನು ಮಗುವನ್ನು ಹೊತ್ತುಕೊಂಡು ಮೇಲಕ್ಕೆ ಹತ್ತುತ್ತಿದ್ದ. ಅದನ್ನು ಹೇಳಲು ಇದ್ದ ಒಂದೇ ಬಾಯಿ ಆ ಹರಕು. ಆ ಬಾಯಿಯನ್ನು ನಿನ್ನೆ ಬೆಳಗ್ಗೆ ಹೊಲಿದದ್ದು ಯಾರು, ಹೊಲಿಯುವಾಗ ಕಣ್ಣು ಮುಚ್ಚಿಕೊಂಡು ಸುಖಪಟ್ಟವನು ಯಾರು ಎಂಬುದೂ ತಿಳಿಯಿತು.

"ಅಲ್ಲೇನಿದೆ?" ಎಂದು ಯಜಮಾನ ಕೇಳಿದ.

ಹೇಳಿಬಿಡು, ಎಂದಿತು ಅಂಗಿಯವನ ಒಳಗಿನ ಒಂದು ದನಿ. ಇಲ್ಲೊಂದು ಹರಕಿತ್ತು, ನನ್ನ ಮನೆಯಲ್ಲಿ ಹೊಲಿದಿದ್ದಾರೆ, ಬಿಚ್ಚಿ ನೋಡಿ, ಎಂದರೆ ಸಾಕು. ಇವನು ಉಳಿಯುತ್ತಾನೆ. ಹೊಲಿದ ಕೈ ಬಯಲಿಗೆ ಹೋಗುತ್ತದೆ. ಅವನು ಗುಂಪಿನ ಅಂಚಿಗೆ ನೋಡಿದ. ಹೆಂಡತಿ ಬಂದಿದ್ದಳು, ಯಾವತ್ತೂ ಬಾರದವಳು. ಇವನ ಬೆನ್ನನ್ನು ಊರಿನವರು ನೋಡುತ್ತಿದ್ದಾರೆ ಎಂದು ಅವಳ ಮುಖದಲ್ಲಿ ಒಂದು ಸಣ್ಣ ಹೆಮ್ಮೆ ಇತ್ತು. ಊರಿನಲ್ಲಿ ಯಾರ ಪರವಾಗಿ ಬೇಕಾದರೂ ಬಾಯಿ ತೆರೆಯುತ್ತಿದ್ದ ಆ ಮನುಷ್ಯನಿಗೆ ಬಾಯಿ ತೆರೆಯಲು ಆಗಲಿಲ್ಲ. ಆಗಲಿಲ್ಲ ಎಂದರೆ ಆಗಲಿಲ್ಲ. ಅವನು ಕಾಯುತ್ತ ನಿಂತ, ಬೆನ್ನ ಹಿಂದಿನವನು ಹೇಳಿಬಿಡಲಿ, ತಪ್ಪು ತನ್ನ ಮೇಲೆ ಬಾರದಿರಲಿ, ಎಂದು ಹೇಡಿಯ ಹಾಗೆ ಕಾಯುತ್ತ ನಿಂತ.

ಬಾವಿ ತೋಡುವವನು ತಲೆಯೆತ್ತಿದ. ಅಂಗಿಯವನ ಕಣ್ಣು ಎತ್ತ ಕಡೆ ನೆಟ್ಟಿದೆ ಎಂದು ನೋಡಿದ, ಆ ಹೆಂಗಸನ್ನೂ ನೋಡಿದ. ಕಟ್ಟಳೆ ಅವನಿಗೂ ಗೊತ್ತಿತ್ತು. ಮುಷ್ಟಿ ಸಡಿಲವಾಯಿತು. ಮುದುಡಿದ ಬಟ್ಟೆಯನ್ನು ಅಂಗೈಯಿಂದ ನೇವರಿಸಿ ಸರಿಮಾಡಿದ.

"ಏನೂ ಇಲ್ಲ ಸ್ವಾಮಿ," ಎಂದ.

ಯಜಮಾನ ಲೋಟದ ನೀರು ಕುಡಿದು ತೀರ್ಪು ಹೇಳಿದ.

*

ಅಂಗಿಯನ್ನು ಬಯಲಿನ ಅಂಚಿನವರೆಗೆ ಅಂಗಿಯವನೇ ತೊಟ್ಟು ನಡೆಯಬೇಕು. ಅಲ್ಲಿ ಬಿಚ್ಚಿ ಕೊಡಬೇಕು. ವಿಚಾರಣೆಯಾದವನು ತನ್ನ ಅಂಗಿ ತಾನೇ ತೊಟ್ಟು ಹೋಗುವುದು ಅಲ್ಲಿನ ಪದ್ಧತಿ. ಊರಿನವರು ಅರ್ಧ ದಾರಿಯವರೆಗೆ ಬಂದು ನಿಂತರು. ಚೆನ್ನಾಗಿ ಮಾತಾಡಿದೆ, ಎಂದು ಬೆರಳಿನವನು ಅಂಗಿಯವನ ಭುಜ ತಟ್ಟಿ ಹಿಂದಿರುಗಿದ. ಇಬ್ಬರೇ ಉಳಿದರು. ಉಪ್ಪಿನ ಮೇಲೆ ಬಿಸಿಲು ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ.

ತೀರ್ಪಾದ ಮೇಲೆ ಮಾತಿಗೆ ತಡೆಯಿಲ್ಲ. ಬಾವಿ ತೋಡುವವನು ನಡೆಯುತ್ತ ತಾನಾಗಿಯೇ ಹೇಳಿದ. ಮಗು ಆಡುತ್ತ ಬಿದ್ದಿತ್ತಂತೆ. ಕೆಸರಿಗೆ ಬಿದ್ದದ್ದರಿಂದ ಪೆಟ್ಟಾಗಿರಲಿಲ್ಲ, ಅಳುತ್ತಿತ್ತಂತೆ. ಬೆನ್ನಿಗೆ ಹಾಕಿಕೊಂಡು ಹತ್ತಿದನಂತೆ. ಬಾವಿಯ ಬಾಯಿ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಬಟ್ಟೆ ಪರ್ರೆಂದಿತಂತೆ. "ಹಳೇ ಬಟ್ಟೆ," ಎಂದ ಅವನು. "ಹೊಸಾದು ತೊಟ್ಕೊಂಡಿದ್ರೆ ತಡೀತಿತ್ತು."

ಅಂಗಿಯವನು ಅಲ್ಲೇ ಉಪ್ಪಿನ ಮೇಲೆ ಕುಸಿದು ಅವನ ಕಾಲು ಹಿಡಿದುಕೊಂಡ. ಬಾವಿ ತೋಡುವವನು ಅವನನ್ನು ಎಬ್ಬಿಸಿ, ಹೊತ್ತಾಗುತ್ತದೆ, ಅಂಗಿ ಕೊಡಿ, ಎಂದ. ಇವನು ಬಿಚ್ಚಿ ಕೊಟ್ಟ. ಅವನು ತೊಡುವ ಮುಂಚೆ ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ.

"ಹೊಲಿಗೆ ಚೆನ್ನಾಗಿದೆ," ಎಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. "ಅಮ್ಮಾರಿಗೆ ಹೇಳಿ."

ಅಂಗಿ ತೊಟ್ಟು ಬಯಲಿಗೆ ಇಳಿದ. ಅಂಗಿಯವನು ಮೊದಲ ಬಾರಿಗೆ ಆ ಅಂಗಿಯ ಬೆನ್ನು ನೋಡಿದ. ಕುತ್ತಿಗೆಯಿಂದ ಕೆಳಕ್ಕೆ ಹೊಲಿಗೆ ಒಂದೇ ಸಮನಾಗಿ, ಒತ್ತೊತ್ತಾಗಿ ಇಳಿದಿತ್ತು. ಎಷ್ಟು ಅಕ್ಕರೆಯಿಂದ ಹಾಕಿದ್ದು ಎಂದು ಯಾರು ನೋಡಿದರೂ ಹೇಳಬಹುದಿತ್ತು. ಅದು ದೂರವಾಯಿತು, ದಾರದಷ್ಟಾಯಿತು, ಬಿಳಿಯಲ್ಲಿ ಕಳೆದುಹೋಯಿತು. ಅಂಗಿ ಯಾರದು, ಮೈ ಯಾರದು, ಮಾತು ಯಾರದು ಎಂದು ಅವನ ತುಟಿ ತಾನಾಗಿ ಗೊಣಗುತ್ತಿತ್ತು. ಉತ್ತರ ಯಾವುದಕ್ಕೂ ಇರಲಿಲ್ಲ.

ಬರಿಮೈಯಲ್ಲಿ ಮನೆಗೆ ಬಂದ. ಹೆಂಡತಿ ಈ ಸಲ ಹಿಂದಕ್ಕೆ ಸರಿಯಲಿಲ್ಲ. ಬಿಸಿಲಿಗೆ ಬೆಂದ ಅವನ ಭುಜಕ್ಕೆ ಒದ್ದೆ ಬಟ್ಟೆ ಒತ್ತಿದಳು. ಹೋಗುವಾಗ ಆ ಮನುಷ್ಯ ಏನಾದರೂ ಅಂದನೇ ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಸೂಜಿಯ ಕಟ್ಟಳೆಯನ್ನು ಹೇಳಬೇಕಾದವನು ಎದುರಿಗೇ ಇದ್ದ. ಹೇಳಿದರೆ ಅವಳು ಸೂಜಿ ಹಿಡಿದ ತನ್ನ ಕೈಯನ್ನು ನೋಡಿಕೊಂಡು ಬದುಕಬೇಕು.

"ಹೊಲಿಗೆ ಚೆನ್ನಾಗಿದೆ ಅಂದ," ಎಂದ ಅವನು. "ನಿನಗೆ ಹೇಳು ಅಂದ."

ಅವಳ ಮುಖ ಅರಳಿತು. ಪಾಪ, ಎಂದಳು. ಅಂಥವನ ಬಾಯಿಂದ ಒಳ್ಳೆಯ ಮಾತು ಬಂತಲ್ಲ, ಎಂದಳು. ಆ ರಾತ್ರಿ ಅವಳು ಕೈ ಚಾಚಿದಾಗ ಅವನು ಗೋಡೆಯ ಕಡೆಗೆ ಸರಿದು ಮಲಗಿದ.

ಮರುದಿನವೇ ಇನ್ನೊಂದು ಕೂಗು ಬಂತು. ಅವನು ಬಾಗಿಲು ತೆರೆದು ಕೈ ಚಾಚಿದ, ಅಂಗಿ ತೊಟ್ಟುಕೊಂಡ. ಬೇರೇನು ಮಾಡಬಲ್ಲ? ಅವನು ತೊಡದಿದ್ದರೆ ತೊಡುವವರಿಲ್ಲ. ಆಮೇಲೆ ಎಷ್ಟೋ ಅಂಗಿಗಳು ಬಂದುಹೋದವು. ಒಂದು ಮಾತ್ರ ಊರಿನವರ ಕಣ್ಣಿಗೆ ಬಿತ್ತು. ಅಂಗಿಯವನು ಮನೆಯಲ್ಲಿ ಹೆಂಡತಿಗೆ ಬೆನ್ನು ತೋರಿಸುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾನೆ, ಅಂಗಾತ ಮಲಗುತ್ತಾನೆ, ಹೊರಗೆ ಹೊರಡುವಾಗ ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟುತ್ತಾನೆ. ಹೆಂಡತಿಯನ್ನು ಕಂಡರೆ ದೇವರನ್ನು ಕಂಡ ಹಾಗೆ ನೋಡಿ ಎಂದು ಊರಿನ ಹೆಂಗಸರು ಬಾವಿಯಲ್ಲಿ ನೀರು ಸೇದುತ್ತ ನಗುತ್ತಾರೆ. ನೀರು ಈಗಲೂ ಸಿಹಿಯಾಗಿಯೇ ಇದೆ.

ಹೆಂಡತಿ ಬಾಗಿಲವರೆಗೆ ಬರುತ್ತಾಳೆ. ಅವಳ ಕೈಯಲ್ಲಿ ಸೂಜಿ ಇರುತ್ತದೆ, ದಾರ ಪೋಣಿಸಿದ್ದು.

"ಒಂದ್ ಸಲ ತಿರುಗ್ರೀ," ಎನ್ನುತ್ತಾಳೆ. "ಹಿಂದುಗಡೆ ನೋಡ್ತೀನಿ."

"ಎಲ್ಲೂ ಹರಿದಿಲ್ಲ, ಬಿಡು," ಎನ್ನುತ್ತಾನೆ ಅವನು.